ಸಮುದ್ರ ಎಡಗಡೆ ಬಂದ ಭೂಪಟ

ಈ ಶಾಲಾ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ, ನನಗೆ ಸಮಾಜ ಪಾಠ ಹೇಳಿಕೊಟ್ಟು ಕಿವಿಯನ್ನೂ ಹಿಂಡಿದ ತೋಟಪ್ಪ ಮೇಷ್ಟ್ರೇ, ವೇದಿಕೆ ಮೇಲಿರುವ ಗಣ್ಯರೇ, ನನ್ನ ತವರು ಹಿಂದೂಪುರದ ಸಭಿಕರೇ, ಮತ್ತು ‘ಈ ಮೇಡಂ ಯಾವಾಗ ಮುಗಿಸ್ತಾರೋ, ನಮ್ಮ ಡ್ಯಾನ್ಸ್ ಯಾವಾಗ ಶುರುವಾಗುತ್ತೋ’ ಅಂತ ಮೇಕಪ್ ಹಾಕ್ಕೊಂಡು ಕಾಯ್ತಿರೋ ಮಕ್ಕಳೇ,

ನಾನು ಶೋಭಾರಾಣಿ. ಕಲ್ಯಾಣದುರ್ಗದಲ್ಲಿ ಸೈನ್ಸ್ ಟೀಚರ್. ತೆಲುಗಲ್ಲಿ ಮಾತಾಡ್ತೀರಾ, ಕನ್ನಡದಲ್ಲಾ ಅಂತ ಕೇಳಿದ್ರು. ಕೊನೇ ಸಾಲಲ್ಲಿ, ಬಾಗಿಲ ಪಕ್ಕ, ಚಪ್ಪಲಿ ಕೂಡ ಬಿಡದೆ ನಮ್ಮಪ್ಪ ಶಂಕರಯ್ಯ ಕೂತಿದಾರೆ. ಅದಕ್ಕೇ ಮನೆಮಾತಲ್ಲೇ ಮಾತಾಡ್ತೀನಿ. ಅಪ್ಪಾ, ಎದ್ದು ಹೋಗ್ಬೇಡ ಕಣಪ್ಪ. ಈ ಸಭಾಂಗಣಕ್ಕೆ ಅವರು ಕಾಲಿಟ್ಟು ಇಪ್ಪತ್ತಾರು ವರ್ಷ ಆಗಿತ್ತು.

ನನಗೆ ಕೊಟ್ಟಿರುವ ವಿಷಯ ‘ಭೂಪಟ, ಆಕಾಶಪಟ ಮತ್ತು ಕಾಲ’. ಭೂಪಟ ಯಾರ ಕಾಲದಲ್ಲಿ ಬರೆದದ್ದೋ ಆ ಕಾಲದ ಮುಖವನ್ನೇ ತೋರಿಸುತ್ತೆ. ನಾನು ಮದುವೆಯಾಗಿ ಹೋದಾಗ ಹಿಂದೂಪುರ, ಕಲ್ಯಾಣದುರ್ಗ ಎರಡೂ ಒಂದೇ ಜಿಲ್ಲೆ. ಈಗ ಬೇರೆ ಬೇರೆ. ಊರು ಕದಲಲಿಲ್ಲ, ನಾನೂ ಕದಲಲಿಲ್ಲ, ಆದ್ರೆ ತವರಿಗೆ ಬರೋಕೆ ಜಿಲ್ಲೆ ದಾಟಬೇಕು! ‘ಬೇರೆ ಜಿಲ್ಲೆ ಅಲ್ವಾ, ವರ್ಷಕ್ಕೊಂದು ಸಲ ಸಾಕು’ ಅಂತಾರೆ ನಮ್ಮ ಯಜಮಾನ್ರು. ಆಕಾಶದ ಕತೆಯೂ ಅಷ್ಟೇ. ನಾನು ಓದುವಾಗ ಗ್ರಹ ಒಂಬತ್ತು, ಈಗ ಎಂಟು. ಮೇಲಿಂದ ಏನಾದ್ರೂ ಉದುರಿಹೋಯ್ತಾ? ಪುಸ್ತಕ ಕೃತ್ತಿಕೆ ಅನ್ನುವ ನಕ್ಷತ್ರಗಳನ್ನ ನಮ್ಮಜ್ಜಿ ‘ಪಿಲ್ಲಲ ಕೋಡಿ’ ಅಂತಿದ್ಲು, ಮರಿಗಳ ಜೊತೆ ಇರೋ ಕೋಳಿ. ಕೋಳಿ ಸಾಕಿದೋಳಿಗೆ ಆಕಾಶದಲ್ಲೂ ಕೋಳಿಯೇ ಕಾಣೋದು.

ಅಜ್ಜಿಯ ಆ ಆಕಾಶವನ್ನ ನಮ್ಮಪ್ಪ ರೇಷ್ಮೆಯಲ್ಲಿ ನೇಯ್ದಿದ್ರು. ಈ ಶಾಲೆಯ ಬೆಳ್ಳಿಹಬ್ಬಕ್ಕೆ, ಈ ವೇದಿಕೆಗೆ ಅಂತ. ಮೇಲರ್ಧ ಜರಿಯ ನಕ್ಷತ್ರ, ಕೆಳಗರ್ಧ ಆಗಿನ್ನೂ ಎರಡಾಗದ ಆಂಧ್ರದ ಭೂಪಟ. ಮೂರು ತಿಂಗಳ ಕೆಲಸ. ನಮ್ಮ ಮಗ್ಗದಲ್ಲಿ ನೇಯುವಾಗ ಬಟ್ಟೆಯ ಮುಖ ಕೆಳಗಿರುತ್ತೆ, ನೂಲು ಜೋತಾಡೋ ಬೆನ್ನು ಮೇಲಿರುತ್ತೆ. ಮುಖ ಹೇಗೆ ಬಂತು ಅಂತ ಅಪ್ಪ ಬಟ್ಟೆ ಕೆಳಗೆ ಕನ್ನಡಿ ಹಿಡಿದು ನೋಡೋರು. ಕನ್ನಡಿಯಲ್ಲಿ ಸಮುದ್ರ ಬಲಗಡೆಯೇ ಕಾಣ್ತಿತ್ತು. ಕನ್ನಡಿ ಎಡಬಲ ತಿರುಗಿಸಿ ತೋರಿಸುತ್ತೆ ಅಂತ ಅವರಿಗೆ ಹೊಳೀಲೇ ಇಲ್ಲ. ಹೂವಿಗೆ, ಹಂಸದ ಜೋಡಿಗೆ ಎಡವೇನು, ಬಲವೇನು? ಅಲ್ಲಿತನಕ ನೇಯ್ದಿದ್ದೆಲ್ಲ ಅವೇ.

ಬೆಳ್ಳಿಹಬ್ಬದ ದಿನ ಮಗ್ಗದಿಂದ ನೇರ ತಂದು ಇಲ್ಲಿ ಗೋಡೆಗೆ ತೂಗುಹಾಕಿದ್ರು. ಸಮುದ್ರ ಎಡಗಡೆ, ಹಿಂದೂಪುರ ಬಲಮೂಲೆಗೆ! ‘ಶಂಕರಯ್ಯನೋರೇ, ಸಮುದ್ರ ಈ ಕಡೆ ಬಂದ್ಬುಟ್ಟೈತಲ್ರೀ’ ಅಂದ್ರಿ ನೀವು, ಮೇಷ್ಟ್ರೇ. ತಮಾಷೆಗೇ ಅಂದ್ರಿ. ಸಭೆಗೆ ಸಭೆಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕೋಳು ನಾನು. ಒಂಬತ್ತನೇ ಕ್ಲಾಸು. ಪಕ್ಕದ ಹುಡುಗಿ ‘ನಿಮ್ಮಪ್ಪ ಅಲ್ವೇನೇ ನೇಯ್ದಿದ್ದು?’ ಅಂದ್ರೆ, ‘ಯಾರೋ’ ಅಂದ್ಬುಟ್ಟೆ.

ಇದನ್ನ ಹೇಳಬೇಕು ಅಂತ ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು. ಅವತ್ತು ಹಿಂದೆ ನಿಂತಿದ್ದ ಅಪ್ಪನಿಗೆ ಆ ‘ಯಾರೋ’ ಕೇಳಿಸಿತ್ತು.

ಬಟ್ಟೆ ಮಡಚಿ ಟ್ರಂಕಿಗೆ ಹಾಕಿದ್ರು. ಆಮೇಲೆ ಒಂದೇ ಒಂದು ಹೊಸ ಡಿಸೈನ್ ನೇಯಲಿಲ್ಲ. ಯಾರಾದ್ರೂ ಕೇಳಿದ್ರೆ ‘ನಂಗೆ ಎಡ ಬಲ ಗೊತ್ತಿಲ್ಲ ಕಣಪ್ಪ’ ಅನ್ನೋರು. ನನ್ನನ್ನ ಒಂದು ದಿನವೂ ಬೈಲಿಲ್ಲ. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು.

ಹೋದ ವರ್ಷ ನನ್ನ ಕ್ಲಾಸಲ್ಲಿ ಅಮೃತಾ ಅನ್ನೋ ಹುಡುಗಿ ಎದ್ದು ನಿಂತಳು. ‘ಮೇಡಂ, ಆಕಾಶಪಟದಲ್ಲಿ ಪೂರ್ವ ಎಡಗಡೆ ಐತೆ. ತಪ್ಪು ಅಚ್ಚಾಗ್ಬುಟ್ಟೈತೆ.’ ನಾನು ಹೇಳಿದೆ: ‘ಅದು ಗೋಡೆಗಲ್ಲ ಕಣಮ್ಮ, ತಲೆ ಮೇಲೆ ಹಿಡಿ. ಪೂರ್ವ ಪೂರ್ವಕ್ಕೇ ಬರುತ್ತೆ.’ ಹೇಳಿದೋಳು ಕೈಲಿದ್ದ ಚಾಕ್‌ಪೀಸ್ ಕೈಲೇ ಇಟ್ಕೊಂಡು ನಿಂತುಬಿಟ್ಟೆ. ಅಪ್ಪನ ಬಟ್ಟೆಯ ಮುಖವೂ ಮಗ್ಗದಲ್ಲಿ ಕೆಳಗೇ ಇತ್ತಲ್ಲ! ಹಾಗೇ ತಲೆ ಮೇಲೆ ಹಿಡಿದ್ರೆ? ಅಪ್ಪ ಗೋಡೆಗೆ ಅಂತಲೇ ನೇಯ್ದಿದ್ದು, ನಿಜ. ಆದ್ರೆ ಆ ಬಟ್ಟೆ ಚಪ್ಪರವಾಗೋಕೆ ಹುಟ್ಟಿತ್ತು.

ಅಮ್ಮಾ, ಬನಶಂಕರಮ್ಮನೋರೇ, ಮೇಲೆ ಬಾ. ಆ ಕರಿಬೇವಿನ ಚೀಲ ತಗೊಂಡು ಬಾ. ಸಭಿಕರೇ, ಕರಿಬೇವಿನ ಕೆಳಗೆ ಟ್ರಂಕಿಂದ ಕದ್ದ ಮಾಲಿದೆ. ಮೇಷ್ಟ್ರೇ, ಈ ಮೂಲೆ ನಿಮಗೆ. ಆ ಮೂಲೆ ಅಮ್ಮನಿಗೆ. ಇದು ನನಗೆ. ಮುಖ ಕೆಳಕ್ಕೆ ಇರಲಿ, ಮೇಲಂಚು ಉತ್ತರಕ್ಕೆ, ಸೋಮಂದೇಪಲ್ಲಿ ಕಡೆಗೆ. ಮಕ್ಕಳೇ, ಓಡಿ ಬನ್ನಿ ಇದರ ಕೆಳಗೆ! ತಲೆ ಎತ್ತಿ. ಸಮುದ್ರ ಯಾವ ಕಡೆ? ಚಿಲಮತ್ತೂರು ಕಡೆ! ಪೂರ್ವಕ್ಕೆ! ಕೋಳಿ ಕಂಡಿತಾ? ಮರಿಗಳು?

ನಾಲ್ಕನೇ ಮೂಲೆ ಜೋತು ಬಿದ್ದಿದೆ. ಅಪ್ಪಾ, ಅವತ್ತು ‘ಯಾರೋ’ ಅಂದೆ. ಇವತ್ತು ಮೈಕಲ್ಲಿ ಹೇಳ್ತೀನಿ, ಇದನ್ನ ನೇಯ್ದೋರು ನಮ್ಮಪ್ಪ. ಬಾರಪ್ಪ.

ಅಗೋ, ಚಪ್ಪಲಿ ಬಿಡ್ತಿದಾರೆ! ದಾರಿ ಬಿಡ್ರಪ್ಪಾ, ದಾರಿ ಬಿಡಿ...

ನಿಮಗೆ ಕೇಳಿಸಲಿಲ್ಲ, ನಾನೇ ಹೇಳ್ತೀನಿ. ಮೂಲೆ ಹಿಡಿದ ತಕ್ಷಣ ಅಪ್ಪ ಅಂದ ಮೊದಲ ಮಾತು: ‘ಬಿಗಿಯಾಗಿ ಎಳ್ಕೊಳಿ ಮೇಷ್ಟ್ರೇ, ನಿಮ್ಮ ಕಡೆ ಸುಕ್ಕು ಬಿದ್ದೈತೆ.’ ಎರಡನೇದು ನನಗೆ: ‘ಹೊಸ ಜಿಲ್ಲೆ ಗೆರೆ ಇದ್ರಲ್ಲಿಲ್ವಲ್ಲಮ್ಮ, ಇನ್ನೊಂದು ನೇಯ್ಬೇಕು.’

ಕರೆದವರಿಗೆ, ಕೇಳಿದವರಿಗೆ, ಅವತ್ತು ನಕ್ಕವರಿಗೂ ವಂದನೆಗಳು. ಕೈ ಮುಗಿಯೋಣ ಅಂದ್ರೆ ಎರಡೂ ಕೈಲಿ ಅಪ್ಪನ ಆಕಾಶ ಹಿಡಿದಿದೀನಿ. ಬಾಯಲ್ಲೇ ಹೇಳ್ತೀನಿ, ನಮಸ್ಕಾರ.