ಹಗ್ಗದ ಮೇಲಿನ ತುದಿ

ನಗ್ತಿದ್ದೀರಲ್ಲ ಫಾದರ್? ಜಾಲರಿಯಾಚೆ ಮುಖ ಕಾಣದಿದ್ದರೇನು, ನಗು ಕೇಳಿಸುತ್ತೆ. ನಗಿ, ನಗಿ. ಆದರೆ ಆ ಬಾವಿಯ ತಳದಲ್ಲಿ ನಿಂತು ಕಿವಿಗೊಟ್ಟರೆ ಭೂಮಿಯ ಆ ಕಡೆಯವರು ಪಾತ್ರೆ ತೊಳೆಯೋ ಸದ್ದು ಕೇಳಿಸುತ್ತಿತ್ತು ಅಂದೆನಲ್ಲ, ಅದು ನಿಜ. ನನ್ನಷ್ಟು ಆಳ ತೋಡಿದವನು ಈ ಸುತ್ತಮುತ್ತಲಲ್ಲಿ ಹುಟ್ಟಿಲ್ಲ. ಮಧ್ಯಾಹ್ನದ ಬುತ್ತಿ ಮೇಲಿನಿಂದ ಇಳಿಬಿಟ್ಟರೆ ನನ್ನ ಕೈಗೆ ಬರೋ ಹೊತ್ತಿಗೆ ಹಳಸಿರುತ್ತಿತ್ತು.

ಸರಿ, ಸರಿ. ಕತೆ ಬೇಡ, ಪಾಪ ಹೇಳು ಅಂತೀರಿ. ಪಾಪನಿವೇದನೆಗೇ ಬಂದೆ. ಹೊರಗೆ ಸಾಲಿನಲ್ಲಿ ಯಾರೂ ಇಲ್ಲ, ನೋಡಿಕೊಂಡೇ ಮೊಣಕಾಲೂರಿದ್ದೇನೆ. ಆದರೆ ಕಳೆದ ವಾರ ನೀವು ಒಂದು ಮಾತು ಅಂದಿರಿ, ಅದು ಗಂಟಲಲ್ಲಿ ಸಿಕ್ಕಿಕೊಂಡಿದೆ. ಇಂಥ ಸಣ್ಣಪುಟ್ಟದಕ್ಕೆಲ್ಲ ವಾರವಾರ ನಡೆದು ಬರಬೇಡಿ ಅಜ್ಜ, ಮನೆಯಲ್ಲೇ ದೇವರ ಹತ್ತಿರ ಹೇಳಿಕೊಳ್ಳಿ ಅಂದಿರಿ. ಮೊಮ್ಮಗನ ವಯಸ್ಸು ನಿಮ್ಮದು, ನನ್ನ ಮಂಡಿ ನೋಡಿ ಕನಿಕರಪಟ್ಟಿರಿ. ಕ್ಷೌರದಂಗಡಿಯವನು ಹೇಳೋದೂ ಅದನ್ನೇ, ಅವನಿಗೆ ಕನಿಕರ ಇಲ್ಲ ಅಷ್ಟೇ. ಕತ್ತಿಯನ್ನು ನನ್ನ ಗಂಟಲ ಮೇಲಿಟ್ಟುಕೊಂಡೇ ಕೇಳ್ತಾನೆ, ನಿಮ್ಮವರಿಗೆ ಏನಾಗಿದೆ ಯಜಮಾನ, ಎಲ್ಲ ಕಡೆ ಇರೋ ದೇವರನ್ನು ಬಿಟ್ಟು ಗೂಡಿನಲ್ಲಿ ಕೂತ ಹುಡುಗನಿಗೆ ಗುಟ್ಟು ಹೇಳ್ತೀರಲ್ಲ ಅಂತ.

ಅವನಿಗೆ ನಾನು ಕೊಟ್ಟ ಉತ್ತರ ಕೇಳಿ. ಬಾವಿಗೆ ಇಳಿಯೋನು ಒಬ್ಬನೇ ಇಳಿಯಬಾರದು. ಹಗ್ಗದ ಮೇಲಿನ ತುದಿ ಹಿಡಿದು ಒಬ್ಬರು ಇರಲೇಬೇಕು. ನನಗೆ ನನ್ನವಳು ಇದ್ದಳು. ಕೆಳಗಿನಿಂದ ಇದ್ದೀಯಾ ಅಂತ ಕೂಗಿದರೆ ಹಗ್ಗ ಒಂದು ಸಲ ಜಗ್ಗುತ್ತಿದ್ದಳು. ಬಾಯಿ ಬಿಡುತ್ತಿರಲಿಲ್ಲ, ಮಾತನ್ನೆಲ್ಲ ನನ್ನ ಪಾಲಿಗೆ ಬಿಟ್ಟಿದ್ದಳು. ಒಂದು ದಿನ ಯಾವುದಕ್ಕೋ ಮುನಿಸಿಕೊಂಡು, ಹಗ್ಗವನ್ನು ಮರಕ್ಕೆ ಬಿಗಿದು ಒಬ್ಬನೇ ಇಳಿದೆ. ತಳದಲ್ಲಿ ಗಾಳಿ ಕೆಟ್ಟಿತ್ತು. ದೀಪ ಆರಿಹೋಯಿತು, ಕಾಲಿನ ಬಲ ಹೋಯಿತು. ದೇವರೇ ಅಂತ ಕೂಗಿದೆ. ದೇವರಿಗೆ ಕೇಳಿಸಿತು ಫಾದರ್, ಅದರಲ್ಲಿ ಅನುಮಾನ ಇಲ್ಲ. ಆದರೆ ಹಗ್ಗ ಎಳೆಯೋದಕ್ಕೆ ಎರಡು ಕೈ ಬೇಕಲ್ಲ? ಬುತ್ತಿ ಬಿಟ್ಟು ಬಂದಿದ್ದೆ, ಅದನ್ನು ಹಿಡಿದು ಹಿಂದೆಯೇ ಬಂದಿದ್ದಳು ಇವಳು. ಎಳೆದಳು ನೋಡಿ. ಎಳೆದ ರಭಸಕ್ಕೆ ನಾನು ಬಾವಿಯ ಬಾಯಿ ದಾಟಿ, ಮರದ ತುದಿಕೊಂಬೆಗೆ ಹೋಗಿ ಕೂತೆ!

ಮತ್ತೆ ನಗ್ತೀರಿ. ಅವಳು ನಗುತ್ತಿರಲಿಲ್ಲ. ಈ ಕತೆ ಎಷ್ಟು ಸಲ ಹೇಳಿದರೂ ತಲೆಯೆತ್ತದೆ ‘ಅರ್ಧ ಸುಳ್ಳು’ ಅನ್ನುತ್ತಿದ್ದಳು. ಯಾವ ಅರ್ಧ ಅಂತ ಮಾತ್ರ ಹೇಳುತ್ತಿರಲಿಲ್ಲ.

ಈಗ ಗೋಡೆಗೆ ಹೇಳ್ತೀನಿ. ಗೋಡೆ ಎಲ್ಲವನ್ನೂ ನಂಬುತ್ತೆ, ಅದೇ ಬೇಜಾರು. ಅವಳ ಸಮಾಧಿಗೆ ನೀವೇ ಮೊದಲ ಹಿಡಿ ಮಣ್ಣು ಹಾಕಿದಿರಿ, ನಿಮಗೆ ಗೊತ್ತಿರೋದೇ. ಬೀಗ ನಾನು ಹಾಕಿ ಹೋದ ಹಾಗೆಯೇ ಇರುತ್ತೆ, ಬಂದು ನಾನೇ ತೆಗೀಬೇಕು. ಒಳಗೆ ಹೋಗಿ ಕೆಮ್ಮಿದರೆ ಯಾರದು ಅಂತ ಕೇಳೋರಿಲ್ಲ.

ಇರಲಿ. ಈ ವಾರದ್ದು ಹೇಳಿಬಿಡ್ತೀನಿ. ಪಕ್ಕದ ಮನೆಯವಳ ಹೊಸ ಬಳೆ ನೋಡಿ ಹೊಟ್ಟೆ ಉರಿಯಿತು. ಹಾಲು ಉಕ್ಕಿಸಿ ತಪ್ಪನ್ನು ಬೆಕ್ಕಿನ ಮೇಲೆ ಹೊರಿಸಿದೆ. ನಲ್ಲಿಯ ಹತ್ತಿರ ನಿಂತು ದರ್ಜಿಯ ಹೆಂಡತಿಯ ಬಗ್ಗೆ ಆಡಬಾರದ್ದು ಆಡಿದೆ.

ಏನು, ಬಳೆಯೇ ಅಂತೀರಾ? ಹೌದು, ಬಳೆಯೇ. ಬಳೆ ಕಂಡು ಗಂಡಸಿಗೆ ಹೊಟ್ಟೆ ಉರಿಯಬಾರದು ಅಂತ ನಿಮ್ಮ ಪುಸ್ತಕದಲ್ಲಿ ಬರೆದಿದೆಯಾ? ನೀವು ಕ್ಷಮೆಯ ಮಾತು ಹೇಳಿ, ಪ್ರಾಯಶ್ಚಿತ್ತಕ್ಕೆ ಎಷ್ಟು ಜಪ ಬೇಕೋ ಕೊಡಿ. ನಿಲ್ಲಿ, ಇನ್ನೊಂದಿದೆ. ಅತ್ತೆಯ ಮೇಲಿನ ಸಿಟ್ಟನ್ನು ಗಂಡನ ಮೇಲೆ ತೀರಿಸಿಕೊಂಡೆ. ಬೇಕಂತಲೇ ಅವನ ಅಂಗಿಗೆ ಗುಂಡಿ ಹಚ್ಚಲಿಲ್ಲ...

ಯಾಕೆ ಸುಮ್ಮನಾದಿರಿ?

ಗಂಡ ಅಂದೆನಾ? ಬಾಯಿ ಜಾರಿತು. ವಯಸ್ಸಾಯಿತಲ್ಲ... ನಾಲಿಗೆ ಹೋದಲ್ಲಿ ಹೋಗುತ್ತೆ.

ಕೆಮ್ಮಿಯಾದರೂ ಕೆಮ್ಮಿ, ಫಾದರ್.

ಆಯಿತು. ಅವಳದ್ದು. ಇಷ್ಟು ವಾರ ಹೇಳಿದ್ದೆಲ್ಲ ಅವಳದ್ದೇ. ಇದ್ದಿರಬಹುದು ಅಂತ ನಾನು ಕೂತು ಯೋಚಿಸಿ ಮಾಡಿದ್ದು. ನನ್ನ ಕತೆಗಳ ಹಾಗೆ ಉಬ್ಬಿಸಲಿಲ್ಲ, ಅವಳ ಅಳತೆಗೇ ಹೊಲಿದೆ. ಇಷ್ಟರಲ್ಲಿ ಒಂದಾದರೂ ಸರಿಯಾದದ್ದು ತಗುಲಿದರೆ, ನಿಮ್ಮ ಕ್ಷಮೆ ಹೋಗಿ ಅವಳನ್ನು ಮುಟ್ಟೀತು ಅಂತ.

ಹಾಸಿಗೆ ಹಿಡಿದಾಗ ಫಾದರನ್ನು ಕರಕೊಂಡು ಬಾ ಅಂದಳು. ಒಂದು ಮಾತಿದೆ, ಹೇಳಿ ಹೋಗಬೇಕು ಅಂದಳು. ನನಗೇ ಹೇಳು ಅಂದೆ. ಇಷ್ಟು ವರ್ಷ ಒಂದೇ ಹಗ್ಗ ಹಿಡಿದವರು, ನನಗೆ ಹೇಳಲಾರದ್ದು ಏನಿದೆ ಅಂದೆ. ತಲೆ ಅಲ್ಲಾಡಿಸಿದಳು. “ನಿನಗೆ ಹೇಳಿದರೆ ಅದಕ್ಕೆ ಬಾಲ ಕಟ್ಟಿ ಊರೆಲ್ಲ ಹಾರಿಸ್ತೀಯ,” ಅಂದಳು.

ಚುಚ್ಚಿತು. ತಾನು ಇಳಿಯೋ ಹೊತ್ತಿಗೆ ಮೇಲಿನ ತುದಿಯನ್ನು ನನ್ನ ಕೈಗೆ ಕೊಡಲಿಲ್ಲವಲ್ಲ ಅಂತ. ಕರಕೊಂಡು ಬರ್ತೀನಿ ಅಂತ ಹೊರಟೆ. ಇಲ್ಲಿಯ ಮೆಟ್ಟಿಲವರೆಗೂ ಬಂದೆ. ನೀವು ಒಳಗೆ ಏಣಿ ಹತ್ತಿ ಬಲ್ಬು ಬದಲಾಯಿಸುತ್ತಿದ್ದಿರಿ. ನೋಡಿದೆ. ನೋಡಿ, ವಾಪಸು ಹೋದೆ. ಫಾದರ್ ಊರಲ್ಲಿಲ್ಲ ಅಂದೆ.

ಸಂಜೆ ಇಲ್ಲಿ ಗಂಟೆ ಹೊಡೆಯಿತು. ಫಾದರ್ ಇಲ್ಲದೆ ಯಾರು ಹೊಡೆಯೋದು ಅಂದಳು. ಗಾಳಿ ಅಂದೆ. ಅಂಥಾ ಗಾಳಿ, ಹೊರಗೆ ಮರಗಳೆಲ್ಲ ನೆಲಕ್ಕೆ ಮಲಗಿವೆ ಅಂದೆ. ಕಿಟಕಿಯ ಪರದೆ ಒಂದಿಷ್ಟೂ ಅಲುಗುತ್ತಿರಲಿಲ್ಲ ಫಾದರ್. ಅವಳ ಕಣ್ಣು ಅದರ ಮೇಲೇ ಇತ್ತು. ಅರ್ಧ ಸುಳ್ಳು ಅನ್ನಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದಳು. ಬೆಳಿಗ್ಗೆ ನಾನು ನಿಮ್ಮನ್ನು ಕರೆಯೋಕೆ ಬಂದದ್ದು, ಮಣ್ಣಿಗೆ.

ಅವಳ ಪಾಪ ನಾನು ಹೇಳಿದರೆ ನಡೆಯೋದಿಲ್ಲ, ಅಲ್ಲವಾ? ನಿಮ್ಮ ಉಸಿರಲ್ಲೇ ಗೊತ್ತಾಯಿತು. ಹಾಗಾದರೆ ಇದು ನನ್ನದು ಅಂತ ಇಟ್ಟುಕೊಳ್ಳಿ. ಈ ಗೂಡಿನಲ್ಲಿ ನಾನು ಹೇಳಿದ ನನ್ನದೇ ಮೊದಲ ಪಾಪ.

ಏನಾದರೂ ಅನ್ನಿ. ಬೈಯಿರಿ. ಬೈಯೋಕೆ ಮನಸ್ಸಿಲ್ಲದಿದ್ದರೆ, ಅರ್ಧ ಸುಳ್ಳು ಅನ್ನಿ, ಸಾಕು.

ಅದನ್ನೂ ಅನ್ನೋದಿಲ್ಲವಾ?

ಫಾದರ್... ಇದ್ದೀರಾ?