ಪೆನ್ಸಿಲ್ಲಿನಲ್ಲಿ ಸತ್ತ ಅತ್ತೆ

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಪಕ್ಕದ ಹುಡುಗಿ ತೊಡೆಯ ಮೇಲೆ ಹಾಳೆ ಹರಡಿಕೊಂಡು ಕಾಮಿಕ್ಸ್ ಬಿಡಿಸುತ್ತಿದ್ದಳು. ಕೆನ್ನೆ ಊದಿದ್ದ ಅವಳ ಸೋದರತ್ತೆ ಇಣುಕಿದರು.

“ಇದು ನಾನೇ ಅಲ್ವೇನೇ? ಯಾಕೆ ಮಲಗಿದ್ದೀನಿ?”

“ಸತ್ತೋಗಿದ್ದೀರ ಅತ್ತೆ. ಕತೆಗೆ ಬೇಕಿತ್ತು.”

“ಚಿತ್ರಾನೇ ಬರೀಲಿ ಬಿಡೋ ಅಂತ ನಿಮ್ಮಪ್ಪನ ಜೊತೆ ಜಗಳ ಆಡಿದ್ದು ನಾನು! ನನ್ನನ್ನೇ ಮುಗಿಸ್ಬಿಟ್ಯಾ?”

“ನೀವು ಹೋದ್ರೇನೇ ಓದೋರು ಅಳೋದು. ಬರೀತಾ ನಂಗೂ ಅಳು ಬಂತು.”

ಅತ್ತೆ ಹಾಳೆಯ ಮೇಲೆ ಬಾಗಿ ನೋಡಿದರು.

“ಇಂಕ್ ಹಾಕಿದ್ದೀಯಾ?”

“ಇನ್ನೂ ಇಲ್ಲ. ಬರೀ ಪೆನ್ಸಿಲ್ಲು.”

“ಹಾಗಾದ್ರೆ ಇನ್ನೂ ಉಸಿರಿದೆ. ನಾನು ಹಲ್ಲು ಕೀಳಿಸ್ಕೊಂಡು ಬರೋಷ್ಟರಲ್ಲಿ ಎಬ್ಬಿಸಿರ್ಬೇಕು.”

“ಕತೆ ಕೆಟ್ಟೋಗುತ್ತೆ ಅತ್ತೆ!”

ನರ್ಸ್ ಕರೆದಳು. ಅತ್ತೆ ಕೆನ್ನೆ ಹಿಡಿದುಕೊಂಡು ಎದ್ದರು. ಬಾಗಿಲವರೆಗೆ ಹೋದವರು ತಿರುಗಿ ನಿಂತರು.

“ಸರಿ, ಸಾಯಿಸ್ಕೋ. ಆದ್ರೆ ಹಲ್ಲು ಮಾತ್ರ ಒಂದೂ ಕಮ್ಮಿ ಮಾಡ್ಬೇಡ.”