ಕಾಗೆ ಹೊತ್ತ ಪಟ್ಟಿ

ಔಷಧಿ ಅಂಗಡಿಯ ಸರದಿಯಲ್ಲಿ ಮನಸ್ಸಿನಲ್ಲೇ ನಾಮ ಜಪಿಸುತ್ತ ನಿಂತಿದ್ದ ಮೇಷ್ಟ್ರ ಕಿವಿ, ಮುಂದಿದ್ದ ಅತ್ತೆ ಸೊಸೆಯರ ಕಡೆಗೆ ತಾನಾಗಿ ಹೊರಳಿತು. ಅತ್ತೆಯ ಕಾಲಲ್ಲಿ ಹಳೆಯ ಇಸಬಿನ ಗಾಯ.

"ಗಾಯಕ್ಕೆ ಅಂಟದಿರೋ ಪಟ್ಟಿ ಮೊನ್ನೆ ತಾನೇ ತಂದಿದ್ದೆ. ಎಲ್ಲಿ ಹೋಯ್ತು ಅತ್ತೆ?"

"ತೊಳೆದು ಹಗ್ಗದ ಮೇಲೆ ಹಾಕಿದ್ದೆ. ಕಾಗೆ ಹೊತ್ಕೊಂಡು ಹೋಯ್ತು. ಪಾಪ, ಅದಕ್ಕೂ ಎಲ್ಲಿ ನೋವಿತ್ತೋ."

"ಒಂದ್ಸಲ ಕಟ್ಟಿ ಬಿಸಾಕೋದನ್ನ ತೊಳೆದ್ರಾ? ಅದಕ್ಕೇ ಗಾಯ ಮಾಯ್ತಿಲ್ಲ. ಹೀಗೇ ಆದ್ರೆ ಆಸ್ಪತ್ರೆಗೆ ಸೇರಿಸ್ಬೇಕು ಅಂದಿದಾರೆ ಡಾಕ್ಟ್ರು."

"ಅಷ್ಟು ದುಬಾರಿದನ್ನ ಬಿಸಾಕೋಕೆ ಕೈ ಬರಲ್ಲ ಕಣೇ."

"ಹಂಗಾದ್ರೆ ಅಗ್ಗದ್ದೇ ತಗೊಳ್ಳೋಣ. ಸಾದಾ ಗಾಜ್ ಬಟ್ಟೆಗೆ ವ್ಯಾಸಲಿನ್ ದಪ್ಪಗೆ ಬಳಿದು ಕಟ್ಟಿದ್ರೂ ಅಂಟಲ್ಲ ಅಂತ ನರ್ಸಮ್ಮನೇ ಹೇಳಿದಾರೆ. ದಿನಾ ಹೊಸದು ಕಟ್ಟೋದು, ಹಳೇದು ಕಸಕ್ಕೆ. ಒಪ್ಪಿಗೆನಾ?"

ಗಾಜ್ ಬಟ್ಟೆ ಕೊಂಡಾದ ಮೇಲೆ ಅತ್ತೆ ಸೊಸೆಯ ಭುಜ ಹಿಡಿದು ಮೆಟ್ಟಿಲಿಳಿದರು.

"ಒಪ್ಪಿದೆ. ಆದ್ರೆ ಬಿಸಾಕೋವಾಗ ನನ್ನ ಕಣ್ಣೆದುರಿಗೆ ಬೇಡ. ಹೊಟ್ಟೆ ಉರಿಯುತ್ತೆ."